ಕಾವೇರಿ ನೀರಿನಲ್ಲಿ ಹುಟ್ಟಿದ ಸೊಳ್ಳೆಗಳು

ಬನಶಂಕರಿ ಮೂರನೇ ಹಂತದ ನಮ್ಮ ಅಡ್ಡರಸ್ತೆಯಲ್ಲಿ ಸೊಳ್ಳೆಯ ಮಾತು ಬಂದಾಗಲೆಲ್ಲ ಎಲ್ಲರೂ ಬೈಯುತ್ತಿದ್ದುದು ಹಿಂದಿನ ಬೀದಿಯ ರಾಜಕಾಲುವೆಯನ್ನು. ನಾನೂ ವರ್ಷಗಟ್ಟಲೆ ಅದನ್ನೇ ದೂರಿಕೊಂಡು, ಸಂಜೆಯಾಗುತ್ತಲೇ ಕಿಟಕಿಗಳನ್ನು ಮುಚ್ಚಿ, ಮಲಗುವ ಮುನ್ನ ಸೊಳ್ಳೆ ಬ್ಯಾಟ್ ಹಿಡಿದು ಕೋಣೆ ಕೋಣೆ ಸುತ್ತುತ್ತಿದ್ದೆ. 2024ರ ಮಳೆಗಾಲದಲ್ಲಿ ನನ್ನ ಹೆಂಡತಿಗೆ ಡೆಂಗ್ಯೂ ಬಂದು, ಪ್ಲೇಟ್‌ಲೆಟ್ ಎಷ್ಟಾಯಿತೆಂದು ತಿಳಿಯಲು ಪ್ರಯೋಗಾಲಯಕ್ಕೆ ಓಡಾಡುತ್ತಿದ್ದ ದಿನಗಳಲ್ಲಿ, ಲಾರ್ವಾ, ಅಂದರೆ ನೀರಿನಲ್ಲಿರುವ ಸೊಳ್ಳೆಯ ಮರಿಹುಳುಗಳ, ಸಮೀಕ್ಷೆಗೆಂದು ಬಂದ ಆಶಾ ಕಾರ್ಯಕರ್ತೆಯೊಬ್ಬರು, “ಸಾರ್, ನಿಮಗೆ ಜಾಸ್ತಿ ಕಚ್ಚೋದು ಹಗಲೊತ್ತಾ, ರಾತ್ರಿನಾ?” ಎಂದು ಕೇಳಿದರು. ಹಗಲೇ ಎಂದೆ. “ಹಾಗಾದರೆ ಮೋರಿ ಬಿಡಿ, ಮಹಡಿ ತೋರಿಸಿ” ಎಂದರು.

ಮೋರಿಯ ಕೊಳಕು ನೀರಿನಲ್ಲಿ ಹೆಚ್ಚಾಗಿ ಬೆಳೆಯುವುದು ಕ್ಯೂಲೆಕ್ಸ್ ಸೊಳ್ಳೆ. ಅದು ರಾತ್ರಿ ಕಚ್ಚುತ್ತದೆ, ನಿದ್ದೆ ಕೆಡಿಸುತ್ತದೆ, ಆದರೆ ಡೆಂಗ್ಯೂ ಹರಡುವುದಿಲ್ಲ. ಡೆಂಗ್ಯೂ ತರುವ ಈಡಿಸ್ ಕಾಲಿನ ಮೇಲೆ ಬಿಳಿ ಪಟ್ಟೆಗಳಿರುವ, ಹಗಲಿನಲ್ಲಿ, ಅದರಲ್ಲೂ ಬೆಳಗ್ಗೆ ಮತ್ತು ಸಂಜೆ ಕತ್ತಲಾಗುವ ಮುನ್ನ ಕಚ್ಚುವ ಸೊಳ್ಳೆ. ಅದಕ್ಕೆ ಬೇಕಾದುದು ನಾವೇ ಶೇಖರಿಸಿಟ್ಟ ತಿಳಿನೀರು, ಮತ್ತು ಅದು ಹುಟ್ಟಿದ ಜಾಗದಿಂದ ಕೆಲವು ನೂರು ಮೀಟರಿಗಿಂತ ದೂರ ಸಾಮಾನ್ಯವಾಗಿ ಹಾರುವುದಿಲ್ಲ. ಅಂದರೆ ನಮ್ಮನ್ನು ಕಚ್ಚಿದ್ದು ನಮ್ಮ ಮನೆಯದೋ, ಅಕ್ಕಪಕ್ಕದ ಮನೆಯದೋ ಆಗಿರಲೇಬೇಕಿತ್ತು.

ಅಂದು ಟಾರ್ಚ್ ಹಿಡಿದು ಹುಡುಕಿದಾಗ ಸಿಕ್ಕ ಜಾಗಗಳನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಮಳೆನೀರು ಹಿಡಿಯುವ ನೀಲಿ ಡ್ರಮ್ಮಿನ ಮುಚ್ಚಳ ಓರೆಯಾಗಿತ್ತು. ಒಳಗೆ ನೂರಾರು ಹುಳುಗಳು ಕುಣಿಯುತ್ತಿದ್ದವು. ಫ್ರಿಜ್ಜಿನ ಹಿಂಭಾಗದ ತಟ್ಟೆಯಲ್ಲಿ, ಮನಿ ಪ್ಲಾಂಟ್ ಬಾಟಲಿಯಲ್ಲಿ, ಹಕ್ಕಿಗಳಿಗೆಂದು ನಾನೇ ಪುಣ್ಯದ ಲೆಕ್ಕದಲ್ಲಿ ಇಟ್ಟಿದ್ದ ಮಣ್ಣಿನ ಬೋಗುಣಿಯಲ್ಲಿಯೂ ಇದ್ದವು. ಸಂಪಿನ ಮುಚ್ಚಳ ಸರಿಯಾಗಿತ್ತು, ಆದರೆ ಓವರ್‌ಫ್ಲೋ ಪೈಪಿನ ಬಾಯಿ ತೆರೆದಿತ್ತು. ಅದಕ್ಕೆ ನೈಲಾನ್ ಬಲೆ ಕಟ್ಟಿದೆ.

ಎಲ್ಲವನ್ನೂ ಚೆಲ್ಲಿ ಗೆದ್ದೆನೆಂದುಕೊಂಡೆ. ಎರಡು ವಾರದೊಳಗೆ ಡ್ರಮ್ಮಿನಲ್ಲಿ ಮತ್ತೆ ಹುಳುಗಳು ಕಂಡವು. ಈಡಿಸ್ ತನ್ನ ಮೊಟ್ಟೆಗಳನ್ನು ನೀರಿನ ಮೇಲೆ ತೇಲಿಬಿಡದೆ ನೀರಿನ ಅಂಚಿಗಿಂತ ತುಸು ಮೇಲೆ ಪಾತ್ರೆಯ ಗೋಡೆಗೆ ಅಂಟಿಸುತ್ತದೆ, ಅವು ನೀರಿಲ್ಲದೆಯೂ ತಿಂಗಳುಗಟ್ಟಲೆ ಉಳಿದು ನೀರು ತಾಗಿದೊಡನೆ ಒಡೆಯುತ್ತವೆ ಎಂಬುದು ನನಗೆ ಗೊತ್ತಿರಲಿಲ್ಲ. ಹೀಗಾಗಿ ಪಾತ್ರೆಯನ್ನು ಬರಿದು ಮಾಡಿದರೆ ಸಾಲದು, ಒಳಗೋಡೆಯನ್ನು ನಾರಿನಿಂದ ಒರಟಾಗಿ ಉಜ್ಜಬೇಕು. ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಸುಮಾರು ಏಳರಿಂದ ಹತ್ತು ದಿನ ಹಿಡಿಯುವುದರಿಂದ ವಾರಕ್ಕೊಮ್ಮೆ, ಶುಕ್ರವಾರ, ಉಜ್ಜುವುದನ್ನು ರೂಢಿಸಿಕೊಂಡೆ. ಬೆಳೆದ ಸೊಳ್ಳೆಗಳು ಇನ್ನೂ ಕೆಲವು ವಾರ ಬದುಕಿರುತ್ತವೆಯಾದ್ದರಿಂದ ಫಲ ಕೂಡಲೇ ಕಾಣಲಿಲ್ಲ. ಹಗಲಿನ ಕಡಿತ ತಗ್ಗಿದ್ದು ಸುಮಾರು ಒಂದು ತಿಂಗಳಿಗೆ.

(ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರೋಪಜೀವಿಯನ್ನು ಕಂಡದ್ದು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು, 1883ರಲ್ಲಿ, ಇದೇ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದಾಗ, ನಿಂತ ನೀರನ್ನು ಚೆಲ್ಲಿದರೆ ಸೊಳ್ಳೆ ತಗ್ಗುತ್ತದೆ ಎಂಬುದನ್ನು ಅವರು ಗಮನಿಸಿದ್ದರು. ಅದೇ ಊರಿನಲ್ಲಿ ನನಗದು ತಿಳಿಯಲು ಇಷ್ಟು ಕಾಲ ಬೇಕಾಯಿತು.)

ನೆರೆಮನೆಗಳನ್ನು ಒಪ್ಪಿಸುವುದು ಇದಕ್ಕಿಂತ ಕಷ್ಟದ ಕೆಲಸ. “ಅಯ್ಯೋ, ಅದು ಕಾವೇರಿ ನೀರು, ಅದರಲ್ಲಿ ಎಲ್ಲಿಂದ ಬರುತ್ತೆ ಸೊಳ್ಳೆ?” ಎಂದು ಎದುರುಮನೆಯ ಅಜ್ಜಿ ಬೇಸರಿಸಿಕೊಂಡರು. ನಲ್ಲಿಯಲ್ಲಿ ನೀರು ದಿನವೂ ಬಾರದ ಬೀದಿಯಲ್ಲಿ, ತುಂಬಿಟ್ಟ ನೀರನ್ನು ಚೆಲ್ಲಿ ಎನ್ನುವುದು ನನಗೂ ಸರಿ ಎನ್ನಿಸಲಿಲ್ಲ. ವಾದ ಬಿಟ್ಟು, ಅವರದೇ ತೊಟ್ಟಿಯ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬಿಸಿಲಿಗೆ ತೋರಿಸಿದೆ. ಮರುದಿನವೇ ತೊಟ್ಟಿಯ ಬಾಯಿಗೆ ಹಳೆಯ ಪಂಚೆ ಬಿಗಿದಿತ್ತು. ಆ ಲೋಟ ಮಾಡಿದ ಕೆಲಸವನ್ನು ದಂಡದ ಹೆದರಿಕೆ ನಮ್ಮ ಬೀದಿಯಲ್ಲಿ ಮಾಡಲಿಲ್ಲ. ಹೊಗೆ ಹಾಕುವ ಗಾಡಿಯನ್ನು ಕರೆಸಿ ಎಂದು ಹಟ ಹಿಡಿದವರೂ ಇದ್ದರು. ಅದರ ಹೊಗೆ ಹಾರುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ, ನೀರಿನಲ್ಲಿರುವ ಹುಳುವನ್ನಲ್ಲ, ಮತ್ತು ಗಾಡಿ ಬಂದಾಗ ಎಲ್ಲರೂ ಕಿಟಕಿ ಮುಚ್ಚಿಕೊಳ್ಳುವುದರಿಂದ ಮನೆಯೊಳಗಿನ ಈಡಿಸ್ ಹಾಯಾಗಿ ಉಳಿಯುತ್ತದೆ.

ಮೂಲೆಯಲ್ಲಿ ಕಟ್ಟುತ್ತಿರುವ ಅಪಾರ್ಟ್‌ಮೆಂಟಿನ ಲಿಫ್ಟ್ ಗುಂಡಿಯ ನೀರನ್ನು ಮಾತ್ರ ಚೆಲ್ಲಲಾಗಲಿಲ್ಲ. ಮೇಸ್ತ್ರಿಯ ಒಪ್ಪಿಗೆ ಪಡೆದು ಬಿಟಿಐ ಎಂಬ ಬ್ಯಾಕ್ಟೀರಿಯಾದ ಪುಡಿಯನ್ನು ಪೊಟ್ಟಣದ ಮೇಲಿದ್ದ ಪ್ರಮಾಣದಲ್ಲಿ ಹಾಕಿದೆವು. ಹುಳುಗಳು ಒಂದೆರಡು ದಿನದಲ್ಲಿ ಸತ್ತರೂ ಸೊಳ್ಳೆಗಳು ಏಳುತ್ತಲೇ ಇದ್ದವು, ಪುಡಿ ನಕಲಿಯೆಂದು ಮೇಸ್ತ್ರಿ ನಕ್ಕರು. ಈ ಪುಡಿಯನ್ನು ತಿಂದರಷ್ಟೇ ಹುಳು ಸಾಯುತ್ತದೆ. ಆದರೆ ರೆಕ್ಕೆ ಬರುವ ಮುನ್ನಿನ, ಅಲ್ಪವಿರಾಮದ ಚಿಹ್ನೆಯಂತೆ ಬಾಗಿದ ಕೋಶದ (ಪ್ಯೂಪಾ) ಹಂತ ತಲುಪಿದವು ಏನನ್ನೂ ತಿನ್ನುವುದಿಲ್ಲ. ಮುಂದಿನ ಸಲ ಬೇಗ ಹಾಕಿದಾಗ ನೀರು ನಿಶ್ಚಲವಾಯಿತು.

ರಾಜಕಾಲುವೆಯ ಕ್ಯೂಲೆಕ್ಸ್ ಈಗಲೂ ರಾತ್ರಿ ಬರುತ್ತದೆ. ಅದಕ್ಕೆ ಕಿಟಕಿಗೆ ಜಾಲರಿ, ಮಂಚಕ್ಕೆ ಸೊಳ್ಳೆ ಪರದೆ ಹಾಕಿಸಿದ್ದೇನೆ. ಅತ್ತೆಯವರು ಸಂಜೆ ಹಾಕುವ ಲಕ್ಕಿಸೊಪ್ಪಿನ ಹೊಗೆಯಿಂದ ಅರ್ಧ ಗಂಟೆಯ ನೆಮ್ಮದಿಯೂ ಎಲ್ಲರಿಗೂ ಕೆಮ್ಮೂ ಬರುತ್ತವೆ. ಲಿಫ್ಟ್ ಕೂರಿಸುವವರೆಗೆ ಗುಂಡಿಯ ಪುಡಿಯ ಖರ್ಚು ನಮ್ಮ ಬೀದಿಯ ನಾಲ್ಕು ಮನೆಗಳದು.