ದಡಾರ ಎದ್ದ ಓಣಿಯಲ್ಲಿ ಪಟ್ಟಿ ಬರೆಯುವ ಬಗೆ

ದಡಾರ ಕಾಣಿಸಿತು ಅಂದ ಕೂಡಲೇ ಲಸಿಕೆ ಡಬ್ಬಿ ಹೊತ್ತು ಓಡುವುದು ನಮ್ಮ ಉಪಕೇಂದ್ರದ ಸಿಸ್ಟರ್ ಹುಡುಗಿಯರ ರೂಢಿ. ಓಡಿರಿ, ಬೇಡ ಅನ್ನುವುದಿಲ್ಲ. ಜೊತೆಗೊಂದು ನೋಟ್‌ಬುಕ್ಕೂ ಇರಲಿ. ಲಸಿಕೆ ಇಲ್ಲದವರ ನಡುವೆ ಈ ರೋಗ ಒಬ್ಬರಿಂದ 12ರಿಂದ 18 ಜನಕ್ಕೆ ಹರಡಬಲ್ಲದು. ನಮ್ಮ ರಿಜಿಸ್ಟರಿನಲ್ಲಿ ಬಿಟ್ಟುಹೋದ ಮನೆಗಳನ್ನು ನಮಗಿಂತ ಮೊದಲು ಅದೇ ಹುಡುಕುತ್ತದೆ. ಸಿಂಧನೂರು ತಾಲೂಕಿನ ಉಪಕೇಂದ್ರಗಳಲ್ಲೇ ನನ್ನ ನೌಕರಿ ಸವೆದಿದೆ. ಹೊಸಬರಿಗೆ ನಾನು ಕಲಿಸುವುದು ಮುಖ್ಯವಾಗಿ ಆ ಮನೆಗಳನ್ನು ಬರೆದುಕೊಳ್ಳುವುದನ್ನು.

ಬಾಗಿಲಲ್ಲಿ ನಿಂತು "ದಡಾರ ಐತೇನ್ರಿ?" ಎಂದರೆ ಇಲ್ಲ ಅಂತಲೇ ಉತ್ತರ ಬರುತ್ತದೆ. "ಹುಡುಗರಿಗೆ ಅಮ್ಮ ಆಗ್ಯಾಳೇನವ್ವಾ, ಗೊಬ್ಬರ ಎದ್ದಾವೇನು?" ಎಂದು ಕೇಳಿ; ಊರವರ ಬಾಯಲ್ಲಿ ದಡಾರಕ್ಕೆ ಅಮ್ಮ, ಗೊಬ್ಬರ ಅಂತಲೇ ಹೆಸರು. ಬಾಗಿಲಿಗೆ ಬೇವಿನ ತೊಪ್ಪಲು ಸಿಕ್ಕಿಸಿದ ಮನೆ ಕಂಡರೆ ಒಳಗೆ ಹೋಗಿ. ಅದನ್ನು ತೆಗೆಸಲು ಹೋಗಬೇಡಿ, ತೊಪ್ಪಲಿನಿಂದ ಯಾರಿಗೂ ಕೇಡಿಲ್ಲ. ಗುಡಿ ಪೂಜಾರಿ, ಔಷಧಿ ಅಂಗಡಿಯವರು, ಊರಲ್ಲಿ ಸೂಜಿ ಮಾಡುವ ಡಾಕ್ಟರು, ಈ ಮೂವರಿಗೆ ನಿಮ್ಮ ಮೊಬೈಲ್ ನಂಬರ್ ಕೊಟ್ಟಿಡಿ. ನಮಗಿಂತ ಮುಂಚೆ ಸುದ್ದಿ ಮುಟ್ಟುವುದು ಅವರಿಗೇ.

ಜ್ವರ, ಮೈಮೇಲೆ ಕೆಂಪು ದದ್ದು, ಇವೆರಡಿದ್ದರೆ ಬರೆದುಕೊಳ್ಳಿ. ಹೌದೋ ಅಲ್ಲವೋ ಹೇಳುವುದು ಲ್ಯಾಬಿನ ಕೆಲಸ. ರಕ್ತದ ಮಾದರಿಯನ್ನು ದದ್ದು ಎದ್ದ 28 ದಿನದೊಳಗೆ ತೆಗೆಯಬಹುದು, ಗಂಟಲ ದ್ರವಕ್ಕೆ ಮಾತ್ರ ಅವಸರ ಬೇಕು, ಒಂದು ವಾರದೊಳಗೆ ಆಗಬೇಕು. ವಾರವಾರವೂ ಸೊನ್ನೆ ಬರೆದು ಕಳಿಸುವ ಕೇಂದ್ರವನ್ನು ಕಂಡರೆ ನನಗೆ ಗುಮಾನಿ. ಹುಡುಕಾಟ ಸರಿಯಾಗಿ ನಡೆದಿದ್ದರೆ ಲಕ್ಷ ಜನಕ್ಕೆ ವರ್ಷದಲ್ಲಿ ಕನಿಷ್ಠ 2 ಮಾದರಿಯಾದರೂ "ದಡಾರವೂ ಅಲ್ಲ, ರುಬೆಲ್ಲಾವೂ ಅಲ್ಲ" (ರುಬೆಲ್ಲಾ ಅಂದರೆ ದದ್ದು ಏಳುವ ಇನ್ನೊಂದು ರೋಗ) ಎಂದು ವಾಪಸ್ ಬರಬೇಕು ಅನ್ನುವುದು ಲೆಕ್ಕ. ಅಷ್ಟೂ ಬಾರದಿದ್ದರೆ ರೋಗ ಇಲ್ಲವೆಂದಲ್ಲ, ನಾವು ನೋಡುತ್ತಿಲ್ಲವೆಂದು.

ಪಟ್ಟಿಯಲ್ಲಿ ವಯಸ್ಸು, ಎಷ್ಟು ಡೋಸ್ ಆಗಿದೆ, ದದ್ದು ಎದ್ದ ದಿನ, ಇವು ಎಲ್ಲರೂ ಬರೆಯುತ್ತಾರೆ. ನೀವು ಇನ್ನೆರಡು ಕಾಲಂ ಎಳೆಯಿರಿ. ಮೊದಲನೆಯದು, ದದ್ದಿಗೆ ಮುಂಚಿನ 7ರಿಂದ 21 ದಿನಗಳಲ್ಲಿ ಮಗು ಎಲ್ಲಿತ್ತು. ಬೆಂಗಳೂರಿನ ಕಟ್ಟಡ ಕೆಲಸದ ಶೆಡ್ಡೋ, ಇಟ್ಟಿಗೆ ಭಟ್ಟಿಯೋ, ಬೀಗರ ಮದುವೆಯೋ? ದದ್ದಿನ ಹಿಂದಿನ ನಾಲ್ಕು ದಿನ, ಮುಂದಿನ ನಾಲ್ಕು ದಿನ ಮಗು ಅಂಟಿಸುತ್ತಿರುತ್ತದೆ. ಆಗ ಹೋದ ಅಂಗನವಾಡಿ, ಬಸ್ಸು, ಜಾತ್ರೆಯನ್ನೂ ಅಲ್ಲೇ ಬರೆಯಿರಿ. ಎರಡನೆಯ ಕಾಲಂ: ಈ ಮಗುವಿನ ಹೆಸರು ನಮ್ಮ ಡ್ಯೂ ಲಿಸ್ಟಿನಲ್ಲಿ, ಅಂದರೆ ಲಸಿಕೆ ಹಾಕಬೇಕಾದ ಮಕ್ಕಳ ಪಟ್ಟಿಯಲ್ಲಿ, ಇತ್ತೋ ಇಲ್ಲವೋ? ಇದ್ದೂ ತಪ್ಪಿದ್ದರೆ ತಾಯಿಯ ಜೊತೆ ಕೂತು ಮಾತಾಡುವ ಕೆಲಸ. ಹೆಸರೇ ಇಲ್ಲದಿದ್ದರೆ ಮನೆಮನೆ ಎಣಿಕೆಯನ್ನೇ ಮತ್ತೆ ಮಾಡಬೇಕು: ಕಾಲುವೆ ಬದಿಯ ಕ್ಯಾಂಪು, ತಾಂಡಾ, ಕುರಿ ಹಟ್ಟಿ, ಅಕ್ಕಿ ಗಿರಣಿ ಹಿಂದಿನ ಜೋಪಡಿ, ಒಂದನ್ನೂ ಬಿಡದೆ.

"ಸೂಜಿ ಹಾಕಿಸಿದ ಹುಡುಗರಿಗೂ ಬಂತಲ್ಲ ಅಕ್ಕಾರ, ಮತ್ತ್ಯಾಕ ಹಾಕಿಸಬೇಕು?" ಈ ಮಾತು ಬಂದೇ ಬರುತ್ತದೆ. ತಲೆ ಕೆಡಿಸಿಕೊಳ್ಳದೆ ಲೆಕ್ಕ ತೋರಿಸಿ. 100 ಮಕ್ಕಳಲ್ಲಿ 95ಕ್ಕೆ ಒಂದು ಡೋಸ್ ಆಗಿದೆ ಅನ್ನಿ. ಒಂಬತ್ತು ತಿಂಗಳಿಗೆ ಹಾಕಿದ ಡೋಸು ನೂರಕ್ಕೆ ಸುಮಾರು 85 ಮಕ್ಕಳನ್ನು ಕಾಯುತ್ತದೆ. ಹಾಗಾಗಿ 95ರಲ್ಲಿ ಹದಿನಾಲ್ಕು ಮಕ್ಕಳಿಗೆ ರೋಗ ತಗಲಬಹುದು, ಹಾಕಿಸದ ಐದರಲ್ಲಿ ಐದಕ್ಕೂ. ಎಣಿಸಿದರೆ ಹಾಕಿಸಿಕೊಂಡವರೇ ಹೆಚ್ಚು. ಪಾಲು ನೋಡಿದರೆ ಏಳಕ್ಕೊಂದು ಎಲ್ಲಿ, ಐದಕ್ಕೆ ಐದು ಎಲ್ಲಿ! 16ರಿಂದ 24 ತಿಂಗಳೊಳಗಿನ ಎರಡನೇ ಡೋಸ್ ಇರುವುದೇ ಆ ಹದಿನಾಲ್ಕು ಮಕ್ಕಳಿಗಾಗಿ.

ಇನ್ನು ಸೀಸೆ. ಎಂಆರ್ (ದಡಾರ-ರುಬೆಲ್ಲಾ ಲಸಿಕೆ) ಕಲಸಿದ ಮೇಲೆ ನಾಲ್ಕು ತಾಸಿನೊಳಗೆ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಹೀಗೆ ಹಾಳಾಗುತ್ತದೆಂದು ಒಂದೇ ಮಗು ಬಂದಾಗ "ಮುಂದಿನ ಗುರುವಾರ ಬಾ" ಎನ್ನುವವರಿದ್ದಾರೆ. ಒಂದು ಮಗುವಿಗಾದರೂ ಸೀಸೆ ಒಡೆಯಿರಿ. ಮುಂದಿನ ಗುರುವಾರಕ್ಕೆ ಆ ತಾಯಿ ನಾಟಿ ಗದ್ದೆಯಲ್ಲಿರುತ್ತಾಳೆ, ಇಲ್ಲವೇ ಗುಳೆ ಹೊರಟಿರುತ್ತಾಳೆ. ನಾಟಿ ಕಾಲದಲ್ಲಿ ಕ್ಯಾಂಪಿಗೆ ಹಗಲು ಹತ್ತಕ್ಕೆ ಹೋದರೆ ಮುದುಕರು ಬಿಟ್ಟರೆ ಯಾರೂ ಸಿಗುವುದಿಲ್ಲ, ಹೊತ್ತು ಮುಳುಗುವ ಮುನ್ನ ಹೋಗಿ. ಗುಳೆ ಹೋದವರು ಯುಗಾದಿಗೆ, ಊರ ಜಾತ್ರೆಗೆ, ಮುದಗಲ್ ಕಡೆಯವರಾದರೆ ಮೊಹರಂಗೆ ಬರುತ್ತಾರೆ. ಲಸಿಕಾ ಸತ್ರವನ್ನು ಆ ವಾರಕ್ಕೇ ಹಾಕಿಸಿಕೊಳ್ಳಿ.

ಕಾಯಿಲೆ ಬಿದ್ದ ಮಗುವಿಗೆ ವಿಟಮಿನ್ ಎ ಎರಡು ದಿನ ಸತತವಾಗಿ ಬೀಳಬೇಕು. ವರ್ಷ ದಾಟಿದ್ದರೆ ದಿನಕ್ಕೆ 2 ಲಕ್ಷ ಯೂನಿಟ್, ಆರರಿಂದ ಹನ್ನೊಂದು ತಿಂಗಳಿಗೆ 1 ಲಕ್ಷ, ಅದಕ್ಕೂ ಸಣ್ಣ ಕೂಸಿಗೆ 50 ಸಾವಿರ. ಅಮ್ಮ ಬಂದಾಗ ಔಷಧಿ ಕೂಡದು ಎನ್ನುವ ಅಜ್ಜಿಯಂದಿರು ಇದನ್ನು ಮಾತ್ರ "ಹನಿ ತಾನೇ" ಎಂದು ಒಪ್ಪುತ್ತಾರೆ. ಉಸಿರು ಮೇಲೆ ಬರುತ್ತಿದ್ದರೆ, ಮಗು ಮಂಕಾಗಿದ್ದರೆ ತಡಮಾಡದೆ ದೊಡ್ಡಾಸ್ಪತ್ರೆಗೆ ಕಳಿಸಿ.

ಕೊನೆಯ ಮಗುವಿಗೆ ದದ್ದು ಎದ್ದ ದಿನದಿಂದ 42 ದಿನ ಹೊಸದೇನೂ ಕಾಣದಿದ್ದರೆ ಮಾತ್ರ ಪಟ್ಟಿ ಮುಗಿಸಿ. ಅಷ್ಟರಲ್ಲಿ ಮಗುವಿನ ಲಸಿಕೆ ಬರೆದಿರುವ ಪ್ರತಿ 'ತಾಯಿ ಕಾರ್ಡಿ'ನ ಫೋಟೋ ಅವರವರ ಮೊಬೈಲಿನಲ್ಲಿ ಇರುವಂತೆ ನೋಡಿಕೊಳ್ಳಿ. ಕಾರ್ಡು ಊರಲ್ಲಿ, ಮಗು ಬೆಂಗಳೂರಲ್ಲಿ ಇದ್ದರೆ ಅಲ್ಲಿಯ ಸಿಸ್ಟರ್‌ಗೆ ಏನು ಹಾಕಬೇಕೆಂದು ಹೇಗೆ ಗೊತ್ತಾಗಬೇಕು?