ಹತ್ತು ಸಾವಿರದಲ್ಲಿ ಊರಿನ ಡ್ರಮ್ಮುಗಳಿಗೆಲ್ಲ ಮುಚ್ಚಳ

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕಾಂಶ ಸಮಿತಿ ಅಂತ ನಿಮ್ಮೂರಲ್ಲೂ ಒಂದು ಇರುತ್ತದೆ, ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಗ್ರಾಮ ಪಂಚಾಯಿತಿ ಸದಸ್ಯರೊಬ್ಬರು ಅಧ್ಯಕ್ಷರು, ನನ್ನಂಥ ಆಶಾ ಕಾರ್ಯಕರ್ತೆ ಕಾರ್ಯದರ್ಶಿ, ಇಬ್ಬರ ಸಹಿ ಬಿದ್ದರೇ ಬ್ಯಾಂಕಿನಿಂದ ದುಡ್ಡು ಬರೋದು. ರಾಷ್ಟ್ರೀಯ ಆರೋಗ್ಯ ಅಭಿಯಾನದಿಂದ ವರ್ಷಕ್ಕೆ 10,000 ರೂಪಾಯಿವರೆಗೆ ಸಿಗುತ್ತದೆ. ನಾವು ಅನ್‌ಟೈಡ್ ಫಂಡ್ ಅನ್ನುತ್ತೇವೆ. ಎಲ್ಲಿ ಖರ್ಚು ಮಾಡಬೇಕು ಅಂತ ಊರಿನವರೇ ಕೂತು ತೀರ್ಮಾನಿಸಬೇಕು. ಸಾವಿರ ಜನರ ಊರಾದರೆ ತಲೆಗೆ 10 ರೂಪಾಯಿ, ಒಂದು ಟೀ ದುಡ್ಡು.

ಸಾಮಾನ್ಯವಾಗಿ ಏನಾಗುತ್ತದೆ ಅಂದರೆ, ಚರಂಡಿ ಪಕ್ಕ ಬ್ಲೀಚಿಂಗ್ ಪುಡಿ ಚೆಲ್ಲಿ, ಒಂದು ಬ್ಯಾನರ್ ಕಟ್ಟಿ, ಫೋಟೋ ತೆಗೆದರೆ ಮುಗಿಯಿತು. ಡೆಂಗಿ ಸೊಳ್ಳೆಗೆ ಅದರಿಂದ ಏನೂ ಆಗಲ್ಲ. ಅದು ಜಾಸ್ತಿ ಹುಟ್ಟುವುದು ಮನೆಯಲ್ಲಿ ತುಂಬಿಟ್ಟ ತಿಳಿನೀರಿನಲ್ಲಿ, ಕಚ್ಚುವುದು ಹಗಲು ಹೊತ್ತಿನಲ್ಲಿ. 2024ರ ಸೆಪ್ಟೆಂಬರಿನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಹುಟ್ಟಲು ಬಿಟ್ಟವರಿಗೆ ದಂಡ ಅಂತಲೂ ಹೇಳಿತು. ಸರಿ, ಆದರೆ ನಮ್ಮ ಕಡೆ ನಲ್ಲಿ ಮೂರ್ನಾಲ್ಕು ದಿನಕ್ಕೊಮ್ಮೆ ಬಿಡುತ್ತಾರೆ. ನೀರು ತುಂಬಿಡಬೇಡಿ ಅಂತ ಯಾವ ಬಾಯಲ್ಲಿ ಹೇಳೋದು?

ಹಾಗಾಗಿ ಡ್ರಮ್ಮುಗಳಿಗೆ ಬಟ್ಟೆ ಮುಚ್ಚಳ ಮಾಡಿಸೋಣ ಅಂತ ಸಭೆಯಲ್ಲಿ ಹೇಳಿದೆ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಡ್ರಮ್ಮಿನ ನೀರಲ್ಲಿ ಓಡಾಡುವ ಹುಳ ಸೊಳ್ಳೆಯ ಮರಿ ಅಂದರೆ ನಂಬಲಿಲ್ಲ. "ಅದು ನೀರಿನ ಹುಳ ಕಣಕ್ಕ, ನಾವು ಚಿಕ್ಕವರಿದ್ದಾಗಿಂದ ನೋಡ್ತಾನೇ ಇದೀವಿ" ಅಂದರು. ವಾದ ಮಾಡಲಿಲ್ಲ. ಒಬ್ಬರ ಡ್ರಮ್ಮಿನಿಂದ ಹುಳ ಇರುವ ನೀರನ್ನು ಅಗಲ ಬಾಯಿನ ಗಾಜಿನ ಬಾಟಲಿಗೆ ಹಾಕಿ, ಮೇಲೆ ತೆಳು ಬಟ್ಟೆ ಕಟ್ಟಿ ಅಂಗನವಾಡಿ ಕಿಟಕಿಯಲ್ಲಿಟ್ಟೆ. ಕೊಂಕಿಕೊಂಡು ಓಡಾಡುತ್ತಿದ್ದ ಹುಳಗಳು ಮೊದಲು ಅಲ್ಪವಿರಾಮದ ಹಾಗೆ ಮುದುರಿದವು, ಕೆಲವು ದಿನ ಕಳೆದ ಮೇಲೆ ಬಟ್ಟೆಗೆ ಅಂಟಿಕೊಂಡು ಸೊಳ್ಳೆಗಳು ಕೂತಿದ್ದವು, ಡೆಂಗಿ ಸೊಳ್ಳೆಯ ಗುರುತಾದ ಕಾಲಿನ ಬಿಳಿ ಪಟ್ಟೆ ಸಮೇತ. ಮಕ್ಕಳನ್ನು ಬಿಡಲು ಬಂದ ತಾಯಂದಿರೆಲ್ಲ ನೋಡಿದರು. ಆಮೇಲೆ ಸಭೆಗೆ ಜನ ಕರೆಯುವ ಕೆಲಸವೇ ಇರಲಿಲ್ಲ.

ಬಟ್ಟೆಗೆ ದುಡ್ಡು ಹಾಕಲಿಲ್ಲ. ಪ್ರತಿ ಮನೆಯವರು ಒಂದು ಹಳೇ ಸೀರೆ ಕೊಡಬೇಕು ಅಂತ ಮಾತಾಯಿತು. ಅಂಗಡಿಯಿಂದ ಅಗಲದ ಎಲಾಸ್ಟಿಕ್ ತಂದೆವು, ಹೊಲಿಗೆ ಕೂಲಿಯನ್ನು ಸ್ವಸಹಾಯ ಸಂಘದ ಇಬ್ಬರಿಗೆ ಕೊಟ್ಟೆವು. ಸೀರೆ ಎರಡು ಪದರ ಮಡಚಿ, ಡ್ರಮ್ಮಿನ ಬಾಯಿಗಿಂತ ಒಂದು ಗೇಣು ದೊಡ್ಡದಾಗಿ ದುಂಡಗೆ ಕತ್ತರಿಸಿ, ಅಂಚಿಗೆ ಎಲಾಸ್ಟಿಕ್. ಎಲಾಸ್ಟಿಕ್ ಸಾಲದ ಮನೆಗಳಿಗೆ ಹಳೇ ಸೈಕಲ್ ಟ್ಯೂಬು ಬಿಗಿದೆವು, ನಿಜ ಹೇಳಬೇಕೆಂದರೆ ಅದೇ ಜಾಸ್ತಿ ಬಾಳಿಕೆ ಬಂತು. ಉಳಿದ ದುಡ್ಡಿಗೆ ತೆಂಗಿನ ನಾರಿನ ಬ್ರಷ್. ಯಾಕಂದರೆ ಮುಚ್ಚಳ ಒಂದರಿಂದಲೇ ಆಗಲ್ಲ. ಈ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಅಂಚಿನ ಮೇಲೆ, ಡ್ರಮ್ಮಿನ ಗೋಡೆಗೆ. ನೀರು ಚೆಲ್ಲಿದರೂ ಒಣಗಿಕೊಂಡು ತಿಂಗಳುಗಟ್ಟಲೆ ಇರುತ್ತವೆ, ಮತ್ತೆ ನೀರು ತಾಗಿದರೆ ಸಾಕು. ವಾರಕ್ಕೊಮ್ಮೆ ಗೋಡೆ ಗಸಗಸ ಉಜ್ಜಲೇಬೇಕು. ದನದ ತೊಟ್ಟಿಗೆ ಮುಚ್ಚಳ ಆಗಲ್ಲ ಅಲ್ವಾ, ಅದಕ್ಕೆ ಆರೋಗ್ಯ ಇಲಾಖೆಯವರಿಂದ ಗಪ್ಪಿ ಮೀನು ತಂದು ಬಿಟ್ಟೆವು.

ಲೆಕ್ಕದ ಬಗ್ಗೆ ಒಂದು ಮಾತು. ತೀರ್ಮಾನವನ್ನು ಅವತ್ತೇ ನಡವಳಿ ಪುಸ್ತಕದಲ್ಲಿ ಬರೆದು, ಬಂದವರ ಸಹಿ ತೆಗೆದುಕೊಳ್ಳಿ. ಹೊಲಿಗೆಯವರು ಬಿಲ್ ಎಲ್ಲಿಂದ ತರುತ್ತಾರೆ, ಕೈಬರಹದ ವೋಚರಿಗೆ ಸಹಿ ಹಾಕಿಸಿ. ಇದೆಲ್ಲ ಇಲ್ಲದೆ ಯುಸಿ, ಅಂದರೆ ದುಡ್ಡು ಬಳಸಿದ್ದಕ್ಕೆ ಪ್ರಮಾಣಪತ್ರ, ಕೊಡೋಕಾಗಲ್ಲ, ಯುಸಿ ಕೊಡದೆ ಮುಂದಿನ ಕಂತು ಬರಲ್ಲ. ಇನ್ನೊಂದು, ಇಂಥ ಅಂಗಡಿಯಲ್ಲೇ ಇಂಥದ್ದೇ ತಗೊಳ್ಳಿ ಅಂತ ಮೇಲಿನಿಂದ ಬಾಯಿಮಾತಿನಲ್ಲಿ ಫೋನು ಬರುವುದುಂಟು. ನಮಗೂ ಬಂತು. "ಬರೆದು ಕಳಿಸಿ ಸಾರ್, ಸಭೆಯಲ್ಲಿ ಓದ್ತೀನಿ" ಅಂದೆ. ಮತ್ತೆ ಫೋನ್ ಬರಲಿಲ್ಲ.

ಜ್ವರ ಕಮ್ಮಿಯಾಯ್ತಾ ಅಂತ ಎಲ್ಲರೂ ಕೇಳುತ್ತಾರೆ. ಒಂದು ಮಳೆಗಾಲ ನೋಡಿ ಹೇಳುವ ವಿಷಯವಲ್ಲ ಅದು. ಲಾರ್ವಾ ಸರ್ವೆಗೆ, ಅಂದರೆ ಮನೆಮನೆಯ ನೀರಲ್ಲಿ ಸೊಳ್ಳೆ ಮರಿ ಹುಡುಕಲು, ಹೋದಾಗ ಹುಳ ಸಿಗುವ ಮನೆಗಳು ಮಾತ್ರ ಚೆನ್ನಾಗಿ ಕಡಿಮೆಯಾಗಿವೆ, ಅಷ್ಟನ್ನು ಧೈರ್ಯವಾಗಿ ಹೇಳಬಲ್ಲೆ.

ಈ ವರ್ಷದ ದುಡ್ಡು ಇನ್ನೂ ಬಂದಿಲ್ಲ. ಸಡಿಲವಾದ ಎಲಾಸ್ಟಿಕ್ ಬದಲಿಸಬೇಕು ಅಂತ ನಾನು, ಶಾಲೆ ನೀರಿನ ಟ್ಯಾಂಕ್ ಮೊದಲು ರಿಪೇರಿ ಆಗಲಿ ಅಂತ ಅಧ್ಯಕ್ಷರು. ಎರಡಕ್ಕೂ ಸಾಲಲ್ಲ, ಜಗಳ ನಡೀತಾ ಇದೆ.