ಬಾಯಿಹುಣ್ಣು ಮಾಯದಿದ್ದರೆ ಮೊದಲು ಬಯಾಪ್ಸಿ, ಆಮೇಲೆ ಬೆಂಗಳೂರು ಬಸ್ಸು

ಶಿರಸಿ, ಸಿದ್ದಾಪುರ, ಕುಮಟಾ ಕಡೆಯವರಿಗೆ ಬಾಯಿ ಕ್ಯಾನ್ಸರಿನ ಅನುಮಾನ ಬಂದರೆ ಆಗುವುದು ಎರಡರಲ್ಲೊಂದು. ಒಂದೋ ಮೂರು ತಿಂಗಳು ಮುಲಾಮು ಹಚ್ಚುತ್ತ ಕೂರುತ್ತಾರೆ, ಇಲ್ಲವೇ ಒಂದು ಕಾಗದವೂ ಇಲ್ಲದೆ ರಾತ್ರಿ ಬಸ್ಸು ಹತ್ತಿ ಬೆಂಗಳೂರಿನಲ್ಲಿ ಇಳಿಯುತ್ತಾರೆ. ಮೊದಲನೆಯವರಿಗೆ ಕಾಯಿಲೆ ಮುಂದೆ ಹೋಗಿರುತ್ತದೆ. ಎರಡನೆಯವರು ಅಲ್ಲಿ ಬಯಾಪ್ಸಿ (ಹುಣ್ಣಿನ ಚೂರು ತೆಗೆದು ಮಾಡುವ ಪರೀಕ್ಷೆ) ಮಾಡಿಸಿ, ವರದಿಗಾಗಿ ಲಾಡ್ಜಿನಲ್ಲಿ ದಿನ ಎಣಿಸುತ್ತಾರೆ.

1. ನೋಡಿಕೊಳ್ಳಿ. ಕವಳ (ಎಲೆಯಡಿಕೆ), ಗುಟ್ಕಾ, ಬೀಡಿ ಯಾವುದೇ ಅಭ್ಯಾಸವಿದ್ದರೂ ತಿಂಗಳಿಗೊಮ್ಮೆ ಕನ್ನಡಿ, ಟಾರ್ಚ್ ಹಿಡಿದು ಬಾಯೊಳಗೆ ನೋಡಬೇಕು. ಕವಳ ಒತ್ತಿಟ್ಟುಕೊಳ್ಳುವ ಕೆನ್ನೆಯ ಸಂದು, ನಾಲಗೆಯ ಅಂಚು, ಅದರ ಅಡಿ ಬಿಡಬೇಡಿ. ಎರಡು ವಾರವಾದರೂ ಮಾಯದ ಹುಣ್ಣು, ಒರೆಸಿದರೆ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಕಾರಣವಿಲ್ಲದೆ ಅಲುಗಾಡುವ ಹಲ್ಲು, ಕುತ್ತಿಗೆಯ ಗಂಟು, ಮೂರು ಬೆರಳು ಹಿಡಿಸದಷ್ಟು ಬಿಗಿದ ಬಾಯಿ, ಇವುಗಳಲ್ಲಿ ಒಂದಿದ್ದರೂ ವೈದ್ಯರಿಗೆ ತೋರಿಸಿ. ನೋವಿಲ್ಲ ಎಂದು ಸುಮ್ಮನಿರಬೇಡಿ. ಶುರುವಿನಲ್ಲಿ ನೋವು ಇರದಿರುವುದೇ ಹೆಚ್ಚು. ‘ನಾನು ಹೊಗೆಸೊಪ್ಪು ಹಾಕುವುದಿಲ್ಲ, ಬರೀ ಅಡಿಕೆ’ ಎನ್ನುವವರೂ ಕೇಳಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯೂ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿದೆ. ನಮ್ಮ ತೋಟದ ಬೆಳೆ ಎಂದು ಇದನ್ನು ಮುಚ್ಚಿಡಲಾಗದು.

2. ತೋರಿಸಿ. ಊರಿನ ದಂತವೈದ್ಯರು ಸಾಕು, ಇಲ್ಲವೇ ಕಿವಿ-ಮೂಗು-ಗಂಟಲಿನ ವೈದ್ಯರು. ಮೆಡಿಕಲ್ ಶಾಪಿನಿಂದ ಜೆಲ್ ತಂದು ಹಚ್ಚಿ ಕಾಯುವುದು ನನಗಂತೂ ಸುತರಾಂ ಒಪ್ಪಿಗೆಯಿಲ್ಲ. ಅವುಗಳಲ್ಲಿ ಹಲವು ಬಾಯಿಯನ್ನು ಮರಗಟ್ಟಿಸುತ್ತವೆ. ಉರಿ ಹೋಗುತ್ತದೆ, ಹುಣ್ಣು ಇದ್ದಲ್ಲೇ ಇರುತ್ತದೆ. ಚೂಪಾದ ಹಲ್ಲು ತಾಗಿ ಹುಣ್ಣಾಗಿದ್ದರೆ ವೈದ್ಯರು ಆ ಹಲ್ಲನ್ನು ಉಜ್ಜಿ ನುಣುಪು ಮಾಡುತ್ತಾರೆ. ಅದಾಗಿ ಎರಡು ವಾರದಲ್ಲಿ ಹುಣ್ಣು ಮಾಯಲೇಬೇಕು.

3. ಬಯಾಪ್ಸಿ. ಜನ ಎಡವುವುದೇ ಇಲ್ಲಿ. ‘ಚೂರಿ ತಾಗಿದರೆ ಹರಡುತ್ತದೆ’ ಎಂಬ ಮಾತು ನಮ್ಮಲ್ಲಿ ಎಷ್ಟು ಜನರನ್ನು ಆಸ್ಪತ್ರೆಯ ಬಾಗಿಲಿನಿಂದ ವಾಪಸು ಕಳಿಸಿದೆಯೋ! ಬಾಯಿಹುಣ್ಣಿನ ಅಂಚಿನಿಂದ ಚಿಕ್ಕ ಚೂರು ತೆಗೆದರೆ ಕ್ಯಾನ್ಸರ್ ಹರಡುವುದಿಲ್ಲ. ಅದು ಹರಡುವುದು ತಡ ಮಾಡಿದರೆ. ಆ ಜಾಗಕ್ಕಷ್ಟೇ ಇಂಜೆಕ್ಷನ್ ಕೊಟ್ಟು ಮಾಡುವ ಕೆಲಸ, ಸಾಮಾನ್ಯವಾಗಿ ಅಂದೇ ಮನೆಗೆ ಬರಬಹುದು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ.

ಎಷ್ಟೋ ಕಡೆ ಚೂರನ್ನು ಬಾಟಲಿಗೆ ಹಾಕಿ ‘ಲ್ಯಾಬಿಗೆ ಕೊಟ್ಟು ಬನ್ನಿ’ ಎಂದು ಮನೆಯವರ ಕೈಗೇ ಕೊಡುತ್ತಾರೆ. ಆಗ ಬಾಟಲಿಯ ಮೇಲೆ ರೋಗಿಯ ಹೆಸರು, ವಯಸ್ಸು, ಚೂರು ತೆಗೆದ ಜಾಗ ಬರೆದಿದೆಯೇ ನೋಡಿ. ಒಳಗಿರುವುದು ಫಾರ್ಮಾಲಿನ್ (ಚೂರು ಕೆಡದಂತೆ ಇಡುವ ದ್ರಾವಣ) ತಾನೇ ಎಂದು ಕೇಳಿ. ಬರೀ ಸಲೈನಿನಲ್ಲಿಟ್ಟು ಮಾರನೇ ದಿನ ಕೊಟ್ಟರೆ ಚೂರು ಹಾಳಾಗಿ, ಮತ್ತೊಮ್ಮೆ ತೆಗೆಯಬೇಕಾಗುತ್ತದೆ.

ವರದಿ ಬಂದ ಮೇಲೆ ಅದರ ಕೊನೆಯ ಸಾಲು ಓದಿ. ‘ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ’ ಎಂದಿದ್ದರೆ ಅದು ಕ್ಯಾನ್ಸರ್. ಬಾಯಲ್ಲಿ ಬರುವುದು ಬಹುಪಾಲು ಇದೇ. ‘ಡಿಸ್‌ಪ್ಲೇಸಿಯಾ’ ಎಂದರೆ ಇನ್ನೂ ಕ್ಯಾನ್ಸರ್ ಆಗಿಲ್ಲ, ಆಗಬಹುದು; ಚಿಕಿತ್ಸೆಯೋ ನಿಗಾವೋ ಬೇಕೇ ಬೇಕು. ಕ್ಯಾನ್ಸರ್ ಇಲ್ಲ ಎಂದು ಬಂದರೂ ಹುಣ್ಣು ಹಾಗೇ ಇದ್ದರೆ ಇನ್ನೊಮ್ಮೆ ಚೂರು ತೆಗೆಸಿ. ಇನ್ನೊಂದು ಗೊಂದಲ: ವರದಿಯಲ್ಲಿ ‘ಗ್ರೇಡ್ 2’ ಎಂದು ನೋಡಿ ‘ಎರಡನೇ ಸ್ಟೇಜ್ ಅಂತೆ’ ಎಂದು ನೆಂಟರಿಗೆಲ್ಲ ಫೋನು ಹೋಗಿರುತ್ತದೆ. ಗ್ರೇಡ್ ಹೇಳುವುದು ಜೀವಕೋಶ ಎಷ್ಟು ವಿಕಾರವಾಗಿದೆ ಎಂಬುದನ್ನು. ಸ್ಟೇಜ್ ಎಂದರೆ ಗಡ್ಡೆ ಎಷ್ಟು ದೊಡ್ಡದು, ಕುತ್ತಿಗೆಯ ಗಂಟಿಗೆ ಅಥವಾ ಬೇರೆಡೆಗೆ ಹೋಗಿದೆಯೇ ಎಂಬ ಲೆಕ್ಕ. ಅದು ವೈದ್ಯರು ಮುಟ್ಟಿ ನೋಡಿ, ಸಿಟಿ ಅಥವಾ ಎಂಆರ್‌ಐ ಮಾಡಿಸಿದ ಮೇಲಷ್ಟೇ ಗೊತ್ತಾಗುವುದು.

ಲ್ಯಾಬಿನಿಂದ ವರದಿಯ ಜತೆಗೆ ಸ್ಲೈಡು (ಚೂರಿನ ತೆಳು ಪದರ ಅಂಟಿಸಿದ ಗಾಜು) ಮತ್ತು ಬ್ಲಾಕ್ ಕೇಳಿ ಪಡೆಯಿರಿ. ದೊಡ್ಡ ಆಸ್ಪತ್ರೆಯವರು ಅದನ್ನೇ ಮತ್ತೆ ಪರೀಕ್ಷಿಸುತ್ತಾರೆ. ಬ್ಲಾಕ್ ಎಂದರೆ ಮೇಣದಲ್ಲಿ ಹುದುಗಿಸಿದ ಚೂರು. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಟ್ಟುಹೋಗಬೇಡಿ.

4. ಕಾಗದ. ಆಧಾರ್, ರೇಷನ್ ಕಾರ್ಡ್, ವರದಿಗಳ ಮೂಲಪ್ರತಿ, ಎರಡೆರಡು ಝೆರಾಕ್ಸ್. ಕಾರವಾರದ ವೈದ್ಯಕೀಯ ಕಾಲೇಜಿನಂಥ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಹೊರಡುವ ಮೊದಲೇ ಕೈಯಲ್ಲಿರಲಿ. ಸರ್ಕಾರದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ದರ) ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ.

5. ಎಲ್ಲಿಗೆ? ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಎಲ್ಲರ ಬಾಯಲ್ಲೂ ಇದೆ, ಒಳ್ಳೆಯದೂ ಹೌದು. ಆದರೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಮಣಿಪಾಲ ನಮಗೆ ಹತ್ತಿರ. ಹತ್ತಿರದ್ದೇ ಹಿಡಿಯಿರಿ ಎಂಬುದು ನನ್ನ ಮಾತು, ಯಾಕೆಂದರೆ ಕರೆಂಟ್ ಕೊಡುವ ಚಿಕಿತ್ಸೆ (ರೇಡಿಯೇಷನ್) ವಾರಕ್ಕೆ ಐದು ದಿನದಂತೆ ಸುಮಾರು ಆರು ವಾರ ಹಿಡಿಯುತ್ತದೆ. ಅಷ್ಟು ದಿನ ರೋಗಿಯ ಜತೆ ಇರುವವರು ಯಾರು, ಉಳಿಯುವುದು ಎಲ್ಲಿ ಎಂದು ಮೊದಲೇ ಯೋಚಿಸಬೇಕು. ಕಾರವಾರದವರು ಗೋವಾಕ್ಕೆ ಹೋಗುವುದಾದರೆ ನಮ್ಮ ಆರೋಗ್ಯ ಕರ್ನಾಟಕದ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂದು ವಿಚಾರಿಸಿಕೊಂಡು ಹೊರಡಿ.

6. ಚಿಕಿತ್ಸೆ. ಬಾಯಿಯದಾದರೆ ಸಾಮಾನ್ಯವಾಗಿ ಮೊದಲು ಆಪರೇಷನ್. ಗಡ್ಡೆಯ ಜತೆ ಬೇಕಾದರೆ ಕುತ್ತಿಗೆಯ ಗಂಟುಗಳನ್ನೂ ತೆಗೆಯುತ್ತಾರೆ. ಹಾಗೆ ತೆಗೆದದ್ದರ ಲ್ಯಾಬ್ ವರದಿ ನೋಡಿ ಕರೆಂಟ್ ಬೇಕೇ, ಜತೆಗೆ ಕಿಮೋ ಬೇಕೇ ಎಂದು ನಿರ್ಧಾರ. ಸಣ್ಣದಿರುವಾಗಲೇ ಸಿಕ್ಕಿದರೆ ಆಪರೇಷನ್ ಒಂದರಲ್ಲೇ ಮುಗಿಯುವುದೂ ಉಂಟು. ವೈದ್ಯರನ್ನು ಕೇಳಲೇಬೇಕಾದದ್ದು: ಯಾವ ಸ್ಟೇಜ್, ಪೂರ್ತಿ ಗುಣಪಡಿಸುವ ಚಿಕಿತ್ಸೆಯೋ ನೋವು ತಗ್ಗಿಸುವುದೋ, ಆಮೇಲೆ ಊಟ-ಮಾತು ಹೇಗೆ, ಕರೆಂಟಿಗೆ ಮೊದಲು ಯಾವ ಹಲ್ಲು ಕೀಳಿಸಬೇಕು. ಹಲ್ಲಿನ ಪ್ರಶ್ನೆ ಮರೆಯಬೇಡಿ. ಕರೆಂಟ್ ಆದ ಮೇಲೆ ಹಲ್ಲು ಕಿತ್ತರೆ ದವಡೆಯ ಮೂಳೆ ಕೊಳೆಯುವ ಅಪಾಯವಿದೆ.

ನಾಟಿ ಮದ್ದಿನ ಸಾಲಿನಲ್ಲಿ ನಿಲ್ಲಲೇಬೇಕು ಎಂದು ಮನೆಯ ಹಿರಿಯರು ಹಟ ಹಿಡಿದರೆ, ಆಪರೇಷನ್ ದಿನಾಂಕ ಮಾತ್ರ ಮುಂದೂಡಬೇಡಿ. ಏನು ಕುಡಿಯುತ್ತಿದ್ದೀರಿ ಎಂದು ವೈದ್ಯರಿಗೆ ಹೇಳಿ, ಅವರು ಬೈದರೂ ಸರಿ. ಕವಳ ಅಂದೇ ಬಿಡಬೇಕು.

7. ತಪಾಸಣೆ. ಮೊದಲ ಎರಡು ವರ್ಷ ಮರುಕಳಿಸುವ ಸಂಭವ ಹೆಚ್ಚು, ಹೇಳಿದ ದಿನ ತಪ್ಪಿಸಬೇಡಿ. ಚಿಕಿತ್ಸೆಗೆ, ತಪಾಸಣೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಮತ್ತು ಮೂರನೇ ಎಸಿಯಲ್ಲಿ ಪೂರ್ತಿ ರಿಯಾಯಿತಿ ಇದೆ, ಜತೆಗಾರರಿಗೆ ಶೇ 75. ಅದಕ್ಕೆ ಆಸ್ಪತ್ರೆಯಿಂದ ನಿಗದಿತ ನಮೂನೆಯ ಪತ್ರ ಬೇಕು. ಡಿಸ್ಚಾರ್ಜ್ ಆಗುವ ದಿನವೇ ಬರೆಸಿಕೊಳ್ಳಿ. ಕರಾವಳಿಯವರಿಗೆ ಕಾರವಾರ–ಬೆಂಗಳೂರು ಪಂಚಗಂಗಾ ರೈಲು ಇದೆ. ಶಿರಸಿಯವರು ಕುಮಟಾಕ್ಕೋ ತಾಳಗುಪ್ಪಕ್ಕೋ ಹೋಗಿ ರೈಲು ಹತ್ತಬೇಕು.